ಎಳೆಯ ಬೌಲರ್‌ನ ಬೆನ್ನಿಗೆ ಲೆಕ್ಕ ಇಡುವವರು ಯಾರು?

ಹಾಸನ: ಬೇಸಿಗೆ ರಜೆ ಆರಂಭವಾಯಿತೆಂದರೆ ಜಿಲ್ಲೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳ ಸುಗ್ಗಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಊರು ಬದಲಾದೀತೇ ಹೊರತು ದೃಶ್ಯ ಬದಲಾಗದು. ಕಾಲೇಜು ಮೈದಾನದ ಅಂಚಿಗೆ ಶಾಮಿಯಾನ, ಮೈಕು, ಮೇಜಿನ ಮೇಲೆ ಟ್ರೋಫಿಗಳ ಸಾಲು, ಪ್ರಥಮ ಬಹುಮಾನ ಕೊಟ್ಟ ದಾನಿಯ ಭಾವಚಿತ್ರವಿರುವ ಫ್ಲೆಕ್ಸು. ಪಂದ್ಯ ಆರು ಓವರಿನದು, ಹೆಚ್ಚೆಂದರೆ ಎಂಟು. ನಾಕೌಟ್ ಆಗಿರುವುದರಿಂದ ಗೆಲ್ಲುತ್ತಾ ಹೋದ ತಂಡ ಒಂದೇ ದಿನ ಮೂರು ನಾಲ್ಕು ಪಂದ್ಯ ಆಡುವುದುಂಟು. ಇಂಥ ಬಹುತೇಕ ತಂಡಗಳಲ್ಲಿ ಮೀಸೆ ಚಿಗುರುತ್ತಿರುವ, ವಯಸ್ಸಿಗೆ ಮೀರಿ ಎತ್ತರ ಬೆಳೆದ ಒಬ್ಬ ಹುಡುಗ ಇರುತ್ತಾನೆ. ಮೊದಲ ಓವರೂ ಅವನದೇ, ಪಂದ್ಯ ಬಿಗಿಯಾದರೆ ಕೊನೆಯ ಓವರೂ ಅವನದೇ.

ಆ ಹುಡುಗ ಈ ಪಂದ್ಯದಲ್ಲಿ ಎಷ್ಟು ಎಸೆತ ಹಾಕಿದ ಎಂದು ಕೇಳಿದರೆ ಸ್ಕೋರರ್ ತಕ್ಷಣ ಹೇಳುತ್ತಾನೆ. ಈ ವಾರ ಎಷ್ಟು ಹಾಕಿದ, ಕಳೆದ ತಿಂಗಳು ಎಷ್ಟು ಹಾಕಿದ್ದ ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಸಿಗುವುದು ಕಷ್ಟ. ಶಾಲೆಯ ದೈಹಿಕ ಶಿಕ್ಷಕರಿಗೆ ಶಾಲೆಯ ಪಂದ್ಯ ಗೊತ್ತು. ಕೋಚಿಂಗ್ ಶಿಬಿರದವರಿಗೆ ನೆಟ್ಸ್ ಗೊತ್ತು. ಊರಿನ ತಂಡದ ನಾಯಕನಿಗೆ ಭಾನುವಾರ ಗೊತ್ತು. ಎಲ್ಲವನ್ನೂ ಕೂಡಿಸಿ ತಿಳಿದಿರುವುದು ಹುಡುಗನ ಬೆನ್ನು ಮಾತ್ರ. ಅದು ಬಾಯಿ ಬಿಡುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ.

ಈ ಲೆಕ್ಕವನ್ನು ಆಟದ ನಿಯಮದೊಳಗೇ ಬರೆದುಕೊಂಡಿರುವ ಆಟವೊಂದಿದೆ. ಅದು ಬೇಸ್‌ಬಾಲ್. ನಮ್ಮಲ್ಲಿ ಅದನ್ನು ಆಡುವವರು ಕಡಿಮೆ, ನೋಡುವವರು ಇನ್ನೂ ಕಡಿಮೆ. ಆದರೆ ವೇಗವಾಗಿ ಚೆಂಡೆಸೆಯುವ ಮಕ್ಕಳ ದೇಹದ ಬಗ್ಗೆ ಆ ಆಟ ಪಟ್ಟ ಪಾಡು, ಕಲಿತ ಪಾಠ ಹಾಸನದ ವೇಗದ ಬೌಲರ್‌ಗೂ ಸಲ್ಲುವಂಥದ್ದು.

ಎಸೆತಕ್ಕೊಂದು ಮಿತಿ

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ನಮ್ಮ ಬೌಲರ್‌ನಂತೆ ಓಡಿ ಬರುವುದಿಲ್ಲ. ನಿಂತಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ಮೊಣಕೈ ಮಡಿಸಿ, ಚಾಟಿ ಬೀಸಿದಂತೆ ಎಸೆಯುತ್ತಾನೆ. ದೊಡ್ಡವರ ಆಟದಲ್ಲಿ ದೂರ 60 ಅಡಿ 6 ಅಂಗುಲ, ಮಕ್ಕಳ ಆಟದಲ್ಲಿ 46 ಅಡಿ. ಚೆಂಡಿನ ತೂಕ 142ರಿಂದ 149 ಗ್ರಾಂ. ಓವರು ಎಂಬುದಿಲ್ಲ. ತಂಡದ ಮ್ಯಾನೇಜರ್ ಬದಲಿಸುವ ತನಕ ಒಬ್ಬನೇ ಎಸೆಯುತ್ತಿರಬಹುದು.

ಅಮೆರಿಕದ ಮಕ್ಕಳ ಬೇಸ್‌ಬಾಲ್‌ನ ದೊಡ್ಡ ಸಂಸ್ಥೆಯಾದ ಲಿಟಲ್ ಲೀಗ್ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿತು. ಬಹುಕಾಲ ಅಲ್ಲಿ ಇನಿಂಗ್ಸ್ ಲೆಕ್ಕದಲ್ಲಿ ಮಿತಿ ಇತ್ತು. ಒಬ್ಬ ಹುಡುಗ ವಾರಕ್ಕೆ ಇಷ್ಟು ಇನಿಂಗ್ಸ್ ಎಸೆಯಬಹುದು ಎಂಬಂತೆ. ತೊಂದರೆ ಏನೆಂದರೆ, ಒಂದು ಇನಿಂಗ್ಸ್ 9 ಎಸೆತಕ್ಕೂ ಮುಗಿಯಬಹುದು, 40 ಎಸೆತಕ್ಕೂ ಎಳೆಯಬಹುದು. 2007ರಿಂದ ಸಂಸ್ಥೆ ಇನಿಂಗ್ಸ್ ಬಿಟ್ಟು ಎಸೆತವನ್ನೇ ಎಣಿಸತೊಡಗಿತು. 7–8 ವರ್ಷದವರಿಗೆ ದಿನಕ್ಕೆ 50, 9–10ಕ್ಕೆ 75, 11–12ಕ್ಕೆ 85, 13ರಿಂದ 16ಕ್ಕೆ 95 ಎಸೆತಗಳ ಮಿತಿ.

ದಿನದ ಮಿತಿಗಿಂತಲೂ ಅದರ ಜೊತೆಗಿರುವ ವಿಶ್ರಾಂತಿಯ ನಿಯಮ ಮುಖ್ಯವಾದುದು. 14 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಹುಡುಗ 20 ಎಸೆತದೊಳಗೆ ನಿಲ್ಲಿಸಿದರೆ ಮರುದಿನವೇ ಎಸೆಯಬಹುದು. 21ರಿಂದ 35 ಆದರೆ ಒಂದು ದಿನ ಬಿಡುವು, 36ರಿಂದ 50ಕ್ಕೆ ಎರಡು ದಿನ, 51ರಿಂದ 65ಕ್ಕೆ ಮೂರು ದಿನ, 66 ದಾಟಿದರೆ ನಾಲ್ಕು ದಿನ. ಇನ್ನೊಂದು ಕುತೂಹಲದ ಷರತ್ತು ಇದೆ. 41 ಅಥವಾ ಹೆಚ್ಚು ಎಸೆತ ಹಾಕಿದ ಹುಡುಗ ಆ ದಿನ ಕ್ಯಾಚರ್ ಆಗಿ, ಅಂದರೆ ನಮ್ಮ ವಿಕೆಟ್‌ಕೀಪರ್‌ನಂಥ ಜಾಗದಲ್ಲಿ, ಆಡುವಂತಿಲ್ಲ. ಪ್ರತಿ ಎಸೆತದ ನಂತರ ಚೆಂಡನ್ನು ಹಿಂದಕ್ಕೆ ಎಸೆಯುವ ಕೆಲಸ ಅವನದಾಗುತ್ತದೆ. ಆ ಎಸೆತವೂ ಎಸೆತವೇ ಎಂಬ ತಿಳಿವಳಿಕೆ ಇದರ ಹಿಂದಿದೆ. ನಮ್ಮಲ್ಲಿ ಎರಡು ಓವರ್ ಹಾಕಿ ಬಂದ ಹುಡುಗನನ್ನು 'ಕೈ ಚೆನ್ನಾಗಿದೆ' ಎಂದು ನೇರ ಬೌಂಡರಿ ಗೆರೆಗೆ ಕಳಿಸುವುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

2014ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ಹೊರತಂದವು. 2017ರ ಋತುವಿನಿಂದ ಅಲ್ಲಿನ ಪ್ರೌಢಶಾಲಾ ಬೇಸ್‌ಬಾಲ್‌ನಲ್ಲೂ ಎಸೆತದ ಲೆಕ್ಕದ ಮೇಲೆ ಮಿತಿ ಹೇರುವುದು ಕಡ್ಡಾಯವಾಯಿತು.

ಇಷ್ಟೆಲ್ಲ ಏಕೆ ಬೇಕಾಯಿತು? ಮಡಿಸಿದ ಮೊಣಕೈ ಮುಂದಕ್ಕೆ ಚಿಮ್ಮುವಾಗ ಅದರ ಒಳಬದಿಯ ಅಸ್ಥಿರಜ್ಜು ಎರಡು ಮೂಳೆಗಳನ್ನು ಹಿಡಿದಿಡಲು ಸೆಣಸುತ್ತದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಪಿಚರ್‌ನ ಈ ರಜ್ಜು ಹರಿಯಿತು. ಡಾ. ಫ್ರಾಂಕ್ ಜೋಬ್ ಅವನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಅಲ್ಲಿಗೆ ಕಸಿ ಮಾಡಿದರು. 1976ರಲ್ಲಿ ಆಟಕ್ಕೆ ಮರಳಿದ ಟಾಮಿ ಜಾನ್ ಮುಂದೆ 164 ಪಂದ್ಯಗಳನ್ನು ತಂಡಕ್ಕೆ ಗೆದ್ದುಕೊಟ್ಟ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಹಿರಿಯ ಆಟಗಾರನೊಬ್ಬನಿಗಾಗಿ ಕಂಡುಕೊಂಡ ಈ ಚಿಕಿತ್ಸೆ ಕಾಲಕ್ರಮದಲ್ಲಿ ಪ್ರೌಢಶಾಲಾ ಹುಡುಗರಿಗೂ ಬೇಕಾಗತೊಡಗಿದಾಗ ವೈದ್ಯರು ಎಚ್ಚೆತ್ತರು.

ಮಕ್ಕಳ ಮೂಳೆಯ ವಿಷಯ ಇನ್ನೂ ಸೂಕ್ಷ್ಮ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳಲ್ಲಿ ಮೃದ್ವಸ್ಥಿಯ ಪಟ್ಟಿಗಳಿರುತ್ತವೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ರಜ್ಜಿಗಿಂತ ಆ ಪಟ್ಟಿ ದುರ್ಬಲ. ಆದ್ದರಿಂದ ದೊಡ್ಡವರಲ್ಲಿ ರಜ್ಜು ಹರಿಯುವ ಜಾಗದಲ್ಲಿ ಮಕ್ಕಳಲ್ಲಿ ಬೆಳವಣಿಗೆಯ ಪಟ್ಟಿಯೇ ಬಿರಿಯುತ್ತದೆ.

ಅಮೆರಿಕದ ಕ್ರೀಡಾ ವೈದ್ಯಕೀಯ ಸಂಶೋಧಕರು 2006ರಲ್ಲಿ ಶಸ್ತ್ರಚಿಕಿತ್ಸೆಯ ತನಕ ಹೋದ ಹದಿಹರೆಯದ ಪಿಚರ್‌ಗಳನ್ನು ಗಾಯವಿಲ್ಲದವರೊಂದಿಗೆ ಹೋಲಿಸಿ ನೋಡಿದರು. ವರ್ಷಕ್ಕೆ 8 ತಿಂಗಳಿಗಿಂತ ಹೆಚ್ಚು ಕಾಲ ಎಸೆಯುವವರಲ್ಲಿ ಅಪಾಯ 5 ಪಟ್ಟು. ಕೈ ದಣಿದಿದ್ದರೂ ಎಸೆಯುವುದನ್ನು ರೂಢಿ ಮಾಡಿಕೊಂಡವರಲ್ಲಿ 36 ಪಟ್ಟು. 9ರಿಂದ 14 ವರ್ಷದ ಹುಡುಗರನ್ನು ಹತ್ತು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವರ್ಷಕ್ಕೆ 100 ಇನಿಂಗ್ಸ್ ದಾಟಿದವರಿಗೆ ಗಂಭೀರ ಗಾಯದ ಸಂಭವ 3.5 ಪಟ್ಟು ಇತ್ತು. ಈ ಅಂಕಿಗಳಲ್ಲಿ ದಣಿವಿನ ಅಂಕಿ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ದಣಿವನ್ನು ಹೊರಗಿನಿಂದ ಅಳೆಯಲಾಗದು, ಹುಡುಗ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಅದಕ್ಕಾಗಿಯೇ ಅಳೆಯಬಹುದಾದ ಎಸೆತವನ್ನು ಎಣಿಸುವುದು.

ಎಣಿಕೆಗೆ ಸಿಗದ ಎಸೆತಗಳು

ನಿಯಮ ಬಂದ ಮೇಲೆ ಸಮಸ್ಯೆ ತೀರಿತೆಂದು ಹೇಳುವಂತಿಲ್ಲ. ಫ್ಲಾರಿಡಾದ ಪ್ರೌಢಶಾಲಾ ಪಿಚರ್‌ಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನವೊಂದು, ಪಂದ್ಯದ ದಿನ ಹುಡುಗ ಎಸೆಯುವ ಒಟ್ಟು ಎಸೆತಗಳಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಅಧಿಕೃತ ಲೆಕ್ಕಕ್ಕೇ ಬರುವುದಿಲ್ಲವೆಂದು ತೋರಿಸಿತು. ಮೈ ಬಿಸಿ ಮಾಡಿಕೊಳ್ಳಲು ಹಾಕಿದವು, ಇನಿಂಗ್ಸ್ ನಡುವೆ ಹಾಕಿದವು ಇವೆಲ್ಲ ಸ್ಕೋರು ಪುಸ್ತಕದಾಚೆ ಉಳಿಯುತ್ತವೆ. ಶನಿವಾರ ಶಾಲೆಗೆ, ಭಾನುವಾರ ಬೇರೊಂದು ತಂಡಕ್ಕೆ ಎಸೆಯುವ ಹುಡುಗನನ್ನು ಹಿಡಿಯುವುದು ಇನ್ನೂ ಕಷ್ಟ.

ಜಪಾನಿನ ಕಥೆ ಬೇರೆಯೇ ಬಗೆಯದು. ಅಲ್ಲಿನ ಪ್ರೌಢಶಾಲಾ ಬೇಸ್‌ಬಾಲ್ ಪಂದ್ಯಾವಳಿ ಕೋಶಿಯೆನ್ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಇಡೀ ದೇಶ ಕಣ್ಣಿಟ್ಟು ನೋಡುತ್ತದೆ. ಶಾಲೆಯ ಮಾನ, ಊರಿನ ಮಾನ ಒಬ್ಬ ಹುಡುಗನ ತೋಳಿನ ಮೇಲೆ. 1998ರ ಕ್ವಾರ್ಟರ್ ಫೈನಲ್‌ನಲ್ಲಿ ದೈಸುಕೆ ಮತ್ಸುಝಾಕ 17 ಇನಿಂಗ್ಸ್‌ಗಳಲ್ಲಿ 250 ಎಸೆತ ಹಾಕಿದ್ದನ್ನು ಜಪಾನಿಗರು ಪುರಾಣದಂತೆ ಹೇಳಿಕೊಳ್ಳುತ್ತಾರೆ. 2013ರ ವಸಂತ ಪಂದ್ಯಾವಳಿಯಲ್ಲಿ 16ರ ತೊಮೊಹಿರೊ ಅನ್ರಾಕು 772 ಎಸೆತ ಹಾಕಿದಾಗ ಹೊರದೇಶಗಳಲ್ಲಿ ಟೀಕೆ ಎದ್ದಿತು. 2018ರ ಬೇಸಿಗೆಯಲ್ಲಿ ಅಕಿತಾದ ಕೃಷಿ ಪ್ರೌಢಶಾಲೆಯ ಕೊಸೆಯ್ ಯೋಶಿದಾ 881 ಎಸೆತಗಳ ಬಲದಿಂದ ತನ್ನ ಶಾಲೆಯನ್ನು ಫೈನಲ್‌ಗೆ ಒಯ್ದ. ರೈತಾಪಿ ಊರಿನ ಹುಡುಗರು ದೊಡ್ಡ ಶಾಲೆಗಳನ್ನು ಸೋಲಿಸಿದರೆಂದು ಎಲ್ಲರೂ ಸಂಭ್ರಮಿಸಿದರು; ಜೊತೆಗೆ ಆ ತೋಳಿನ ಗತಿ ಏನು ಎಂಬ ಚರ್ಚೆಯೂ ನಡೆಯಿತು. ಕೊನೆಗೆ ಅಲ್ಲಿನ ಪ್ರೌಢಶಾಲಾ ಬೇಸ್‌ಬಾಲ್ ಒಕ್ಕೂಟ ವಾರಕ್ಕೆ 500 ಎಸೆತಗಳ ಮಿತಿ ತಂದಿತು. 2020ರ ವಸಂತದ ಪಂದ್ಯಾವಳಿ ಕೋವಿಡ್‌ನಿಂದ ರದ್ದಾದ್ದರಿಂದ ಕೋಶಿಯೆನ್‌ನಲ್ಲಿ ಅದು ಮೊದಲು ಜಾರಿಯಾದದ್ದು 2021ರಲ್ಲಿ. ಅಮೆರಿಕದ ಲೆಕ್ಕದಲ್ಲಿ ನೋಡಿದರೆ 500 ಎಂಬುದು ಬಹಳ ಸಡಿಲವಾದ ಮಿತಿ.

ಕ್ರಿಕೆಟ್‌ನಲ್ಲಿ ಏಟು ಬೆನ್ನಿಗೆ

ಇಲ್ಲಿಂದ ನಮ್ಮ ಆಟಕ್ಕೆ ಬರೋಣ. ವೇಗದ ಬೌಲರ್ ಮೊಣಕೈ ನೆಟ್ಟಗಿಟ್ಟು ಎಸೆಯಬೇಕಾದ್ದರಿಂದ ಅವನ ಮೊಣಕೈ ಪಿಚರ್‌ನ ಮೊಣಕೈಯಷ್ಟು ನಲುಗುವುದಿಲ್ಲ. ಆದರೆ ಅವನು 20 ಗಜ ಓಡಿ ಬಂದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಆ ಕ್ಷಣದಲ್ಲಿ ನೆಲದಿಂದ ಮರಳಿ ಬರುವ ಬಲ ದೇಹತೂಕದ 5 ಪಟ್ಟು ಅಥವಾ ಇನ್ನೂ ಹೆಚ್ಚು. ಅದೇ ಹೊತ್ತಿಗೆ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗಿರುತ್ತದೆ. ಈ ಮೂರೂ ಸೇರಿ ಬೆನ್ನುಮೂಳೆಯ ಕೆಳಭಾಗದ, ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ಹಿಂಬದಿಯ ಒಂದು ಕಿರಿದಾದ ಮೂಳೆಸೇತುವೆಯನ್ನು ಹಿಂಡುತ್ತವೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯಲ್ಲಿ.

ಒಂದು ಎಸೆತದಿಂದ ಅಲ್ಲಿ ಏನೂ ಆಗದು. ತಂತಿಯನ್ನು ಮತ್ತೆ ಮತ್ತೆ ಅತ್ತಿತ್ತ ಬಗ್ಗಿಸಿದರೆ ಒಂದು ಹಂತದಲ್ಲಿ ತುಂಡಾಗುವಂತೆ, ಸಣ್ಣ ಸವೆತಗಳು ಸೇರಿ ಕೂದಲೆಳೆಯಷ್ಟು ಬಿರುಕಾಗುತ್ತದೆ. ವೈದ್ಯರು ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಎರಡು ಅವಧಿಗಳ ನಡುವೆ ಬಿಡುವು ಸಿಕ್ಕರೆ ಮೂಳೆ ತನ್ನ ಸವೆತವನ್ನು ತಾನೇ ತುಂಬಿಕೊಳ್ಳುತ್ತದೆ, ಇನ್ನಷ್ಟು ಗಟ್ಟಿಯೂ ಆಗುತ್ತದೆ. ಬಿಡುವು ಸಿಗದಿದ್ದರೆ ರಿಪೇರಿಗಿಂತ ಸವೆತ ಮುಂದೆ ಓಡುತ್ತದೆ. ಹದಿಮೂರು ಹದಿನಾಲ್ಕರಲ್ಲಿ ಹುಡುಗ ಸರಸರನೆ ಉದ್ದವಾಗುತ್ತಾನೆ, ಮೂಳೆ ಅದೇ ಪ್ರಮಾಣದಲ್ಲಿ ಗಟ್ಟಿಯಾಗಿರುವುದಿಲ್ಲ. ಎತ್ತರ ಬಂದ ಕೂಡಲೇ ಅವನಿಗೆ ಹೊಸ ಚೆಂಡು ಕೊಡುವುದು ನಮ್ಮ ರೂಢಿ.

ಆಸ್ಟ್ರೇಲಿಯಾದಲ್ಲಿ 44 ಮಂದಿ ಕಿರಿಯ ವೇಗದ ಬೌಲರ್‌ಗಳನ್ನು ಒಂದು ಋತುವಿನ ಕಾಲ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಅವರ ಸರಾಸರಿ ವಯಸ್ಸು 14 ದಾಟಿತ್ತು. ಎರಡು ಬೌಲಿಂಗ್ ದಿನಗಳ ನಡುವೆ ಸರಾಸರಿ ಮೂರೂವರೆ ದಿನಕ್ಕಿಂತ ಕಡಿಮೆ ಅಂತರವಿದ್ದವರಲ್ಲಿ ಗಾಯದ ಅಪಾಯ ಸುಮಾರು ಮೂರು ಪಟ್ಟು ಕಂಡುಬಂತು. ಒಂದು ದಿನ ಎಷ್ಟು ಹಾಕಿದ ಎಂಬುದರ ಜೊತೆಗೆ ಎಷ್ಟು ಪದೇಪದೇ ಹಾಕಿದ ಎಂಬುದನ್ನೂ ನೋಡಬೇಕೆಂದಾಯಿತು. ಲಿಟಲ್ ಲೀಗಿನ ವಿಶ್ರಾಂತಿ ದಿನಗಳ ಪಟ್ಟಿಯ ತಿರುಳೂ ಇದೇ.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಎಳೆಯ ವೇಗದ ಬೌಲರ್‌ಗಳಿಗೆಂದೇ ದೀರ್ಘಕಾಲದಿಂದ ಅನುಸರಿಸಿಕೊಂಡು ಬಂದ ಪಟ್ಟಿಯೊಂದಿದೆ. 13ರೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14 ಮತ್ತು 15ರೊಳಗಿನವರಿಗೆ ಸ್ಪೆಲ್‌ಗೆ 6, ದಿನಕ್ಕೆ 12. ಅದಕ್ಕೂ ಮೇಲೆ 19ರ ತನಕ ಸ್ಪೆಲ್‌ಗೆ 7, ದಿನಕ್ಕೆ 18. ಒಂದು ಸ್ಪೆಲ್ ಮುಗಿಸಿದವನು ಅಷ್ಟೇ ಓವರುಗಳು ಅದೇ ತುದಿಯಿಂದ ಕಳೆಯುವ ತನಕ ಮತ್ತೆ ಚೆಂಡು ಮುಟ್ಟುವಂತಿಲ್ಲ. ನೆಟ್ಸ್‌ಗೂ ಮಿತಿ ಉಂಟು; 15ರೊಳಗಿನವರಿಗೆ ಒಂದು ಬಾರಿಗೆ 36 ಎಸೆತ, ವಾರಕ್ಕೆ ಎರಡೇ ಬಾರಿ. ಏಳು ದಿನಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ಬೇಡ, ಸತತ ಎರಡು ದಿನ ದಾಟಬೇಡ ಎಂಬ ಸಲಹೆಯೂ ಸೇರಿದೆ. ಹುಡುಗ ದೊಡ್ಡವರ ತಂಡದಲ್ಲಿ ಆಡಿದರೂ ಮಿತಿ ಅವನ ವಯಸ್ಸಿಗೇ ಅನ್ವಯ. ವೇಗದ ಬೌಲರ್ ಯಾರು ಎಂಬುದಕ್ಕೆ ಅವರು ಕೊಟ್ಟ ವ್ಯಾಖ್ಯೆಯೂ ಜಾಣತನದ್ದು: ಯಾರ ಎಸೆತಕ್ಕೆ ವಿಕೆಟ್‌ಕೀಪರ್ ಹಿಂದೆ ಸರಿದು ನಿಲ್ಲುತ್ತಾನೋ ಅವನೇ.

ಒಂದು ವಾರದ ಗಣಿತ

ಈ ಪಟ್ಟಿಯನ್ನು ನಮ್ಮ ಜಿಲ್ಲೆಯ ಒಬ್ಬ ಹುಡುಗನ ವಾರದ ಮೇಲೆ ಇಟ್ಟು ನೋಡೋಣ. ಇದು ಲೆಕ್ಕಕ್ಕಾಗಿ ಊಹಿಸಿಕೊಂಡ ಹುಡುಗ. ಚನ್ನರಾಯಪಟ್ಟಣದವನೆಂದೇ ಇಟ್ಟುಕೊಳ್ಳಿ, ವಯಸ್ಸು 14. ಮಂಗಳವಾರ ಮತ್ತು ಗುರುವಾರ ಸಂಜೆ ನೆಟ್ಸ್, ತಲಾ 60 ಎಸೆತ. ಬುಧವಾರ ಬಡಾವಣೆಯ ಗೆಳೆಯರೊಂದಿಗೆ ಆಟ, 30 ಎಸೆತ. ಶನಿವಾರ ಶಾಲೆಯ ಪಂದ್ಯದಲ್ಲಿ 8 ಓವರ್, 48 ಎಸೆತ. ಭಾನುವಾರ ಹೊಳೆನರಸೀಪುರದಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ. ನಾಲ್ಕು ಪಂದ್ಯ, ತಲಾ 2 ಓವರ್, ಮತ್ತೆ 48. ಒಟ್ಟು 246. ವೈಡ್, ನೋಬಾಲ್ ಇದರಲ್ಲಿ ಸೇರಿಲ್ಲ. ಓವರಿನ ಲೆಕ್ಕಕ್ಕೆ ಅವು ಬಾರದಿದ್ದರೂ ಬೆನ್ನಿನ ಲೆಕ್ಕಕ್ಕೆ ಬರುತ್ತವೆ.

ಈ ವಾರದಲ್ಲಿ ತಪ್ಪಿತಸ್ಥರನ್ನು ಹುಡುಕಿದರೆ ಯಾರೂ ಸುಲಭವಾಗಿ ಸಿಗುವುದಿಲ್ಲ. ಶನಿವಾರದ ಶಿಕ್ಷಕರು 12 ಓವರಿನ ಮಿತಿಯೊಳಗೇ ಇದ್ದಾರೆ. ಭಾನುವಾರದ ನಾಯಕನೂ ಅಷ್ಟೇ. ಪಂದ್ಯಕ್ಕೆ ಎರಡೇ ಓವರ್ ಕೊಟ್ಟಿದ್ದಾನೆ. ನೆಟ್ಸ್‌ನಲ್ಲಿ ಮಾತ್ರ ಮಿತಿ ಮೀರಿದೆ. ಆದರೆ ವಾರಕ್ಕೆ ಐದು ದಿನ ಬೌಲಿಂಗ್, ಅದರಲ್ಲಿ ಮೂರು ದಿನ ಸತತ ಎಂಬುದು ಕಾಣಿಸಬೇಕಾದರೆ ಎಲ್ಲವೂ ಒಂದೇ ಹಾಳೆಯ ಮೇಲೆ ಇರಬೇಕು. ಆದ್ದರಿಂದ ಲೆಕ್ಕ ಪಂದ್ಯಕ್ಕೊಂದರಂತೆ ಇದ್ದರೆ ಸಾಲದು, ಹುಡುಗನಿಗೊಂದರಂತೆ ಇರಬೇಕು.

ಟೆನಿಸ್ ಚೆಂಡು ಹಗುರ, ಅದರಿಂದ ಏನೂ ಆಗದು ಎಂಬ ಮಾತಿದೆ. ಹಗುರವೆಂಬುದು ನಿಜ: ಅದು ಸುಮಾರು 58 ಗ್ರಾಂ, ಲೆದರ್ ಚೆಂಡು 156ರಿಂದ 163 ಗ್ರಾಂ. ಆದರೆ ಬೆನ್ನಿಗೆ ಏಟು ಬೀಳುವುದು ಮುಂಗಾಲು ಅಪ್ಪಳಿಸುವ ಬಲದಿಂದ. ಅಂಗೈಯ ಚೆಂಡು ಎಷ್ಟು ತೂಗುತ್ತದೆಂಬುದು ಆ ಬಲಕ್ಕೆ ಸಂಬಂಧಿಸಿದ್ದಲ್ಲ. ಮೇಲಾಗಿ ಈ ಪಂದ್ಯಗಳಲ್ಲಿ ಒಂದೂ ಎಸೆತವನ್ನು ಸುಮ್ಮನೆ ಹಾಕುವಂತಿಲ್ಲ. ಹನ್ನೆರಡು ಎಸೆತವೂ ಮೈಯ ಕಸುವೆಲ್ಲ ಸುರಿದು ಹಾಕಬೇಕು. ನಡುವೆ ಒಂದು ಗಂಟೆ ಬೇವಿನ ಮರದಡಿ ಕೂತು, ಮೈ ತಣ್ಣಗಾಗಿ, ಮತ್ತೆ ಕರೆ ಬಂದಾಗ ಎರಡು ಸಲ ತೋಳು ತಿರುಗಿಸಿ ಓಡಿಬರುವುದು. ಕೈ ಮಡಿಸಿ ಬೀಸುವವರನ್ನು ಅಂಪೈರ್ ನೋಡಿಯೂ ನೋಡದಂತಿರುವ ಮೈದಾನಗಳಲ್ಲಂತೂ ಪಿಚರ್‌ನ ಮೊಣಕೈ ಕಾಯಿಲೆಯನ್ನೂ ನಾವು ಆಮದು ಮಾಡಿಕೊಂಡಂತೆ.

ಕರ್ನಾಟಕದ ಶಾಲಾ ಪಂಚಾಂಗದಲ್ಲೇ ಒಂದು ಅಪಾಯ ಅಡಗಿದೆ. ಎಸ್ಸೆಸ್ಸೆಲ್ಸಿ ಹುಡುಗನನ್ನು ಜನವರಿಯಿಂದಲೇ ಮೈದಾನ ಬಿಡಿಸುತ್ತಾರೆ. ಪರೀಕ್ಷೆ ಮುಗಿಯುವ ತನಕ ಎರಡು ಮೂರು ತಿಂಗಳು ಅವನು ಚೆಂಡು ಮುಟ್ಟುವುದಿಲ್ಲ. ಕೊನೆಯ ಪತ್ರಿಕೆ ಬರೆದ ಮರುವಾರವೇ ಪಂದ್ಯಾವಳಿಗಳು ಶುರು. ಆಸ್ಟ್ರೇಲಿಯಾದ ವೇಗದ ಬೌಲರ್‌ಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದಿನ ನಾಲ್ಕು ವಾರಗಳ ಸರಾಸರಿಗಿಂತ ಒಮ್ಮೆಲೇ ಎರಡು ಪಟ್ಟು ಎಸೆದ ವಾರದ ನಂತರ ಗಾಯದ ಅಪಾಯ ಸುಮಾರು ಮೂರು ಪಟ್ಟಾಗುತ್ತದೆ. ಸೊನ್ನೆಯಿಂದ ಇನ್ನೂರೈವತ್ತಕ್ಕೆ ಏರುವ ನಮ್ಮ ಹುಡುಗನದು ಎಷ್ಟು ಪಟ್ಟು ಎಂದು ಗಣಿತದಲ್ಲಿ ಹೇಳಲೂ ಬಾರದು. ಅತಿಯಾಗಿ ಎಸೆದ ಪರಿಣಾಮ ಮೂರು ನಾಲ್ಕು ವಾರ ತಡವಾಗಿ ಕಾಣಿಸುವುದುಂಟು. ಏಪ್ರಿಲ್‌ನ ಆಟಕ್ಕೆ ಮೇ ತಿಂಗಳಲ್ಲಿ ನೋವು. ಆಗ ಮನೆಯವರು 'ನಿನ್ನೆ ಗಾಡಿಯಿಂದ ಬಿದ್ದದ್ದಕ್ಕೆ' ಎಂದೋ 'ಚೀಲ ಹೊತ್ತದ್ದಕ್ಕೆ' ಎಂದೋ ಬೇರೆ ಕಾರಣ ಹುಡುಕುತ್ತಾರೆ.

'ನಮ್ಮ ಕಾಲದಲ್ಲಿ' ಎನ್ನುವವರಿಗೆ

ಹಾಸನದಲ್ಲಿ ಈ ಮಾತು ತೆಗೆದರೆ ಒಂದು ಹೆಸರು ಬಂದೇ ಬರುತ್ತದೆ. ಜಾವಗಲ್ ಮೂಲದ ಶ್ರೀನಾಥ್ ಮಿತಿ ಗಿತಿ ನೋಡಿ ಬೆಳೆದವರೇ? ಮೈಸೂರಿನಲ್ಲಿ ಹುಟ್ಟಿ ಬೆಳೆದ, ಅರಸೀಕೆರೆ ತಾಲ್ಲೂಕಿನ ಊರಿನ ಹೆಸರನ್ನು ಜಗತ್ತಿಗೆ ಹೇಳಿದ ಈ ಬೌಲರ್ 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ಆದರೆ ಅದೇ ಶ್ರೀನಾಥ್ ದಕ್ಷಿಣ ಆಫ್ರಿಕಾ ಪ್ರವಾಸ ಮುಗಿಸಿ ಬಂದ ಮೇಲೆ, 1997ರಲ್ಲಿ, ಭುಜದ ಸ್ನಾಯುಕಟ್ಟು ಹರಿದು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡರು, ಶಸ್ತ್ರಚಿಕಿತ್ಸೆಗೂ ಒಳಗಾದರು. 27ರ ಹರೆಯದ, ಪೂರ್ಣ ಬೆಳೆದ, ದೇಶದ ಮುಂಚೂಣಿ ಬೌಲರ್‌ನ ಭುಜಕ್ಕೇ ಅದು ತಡೆಯಲಿಲ್ಲ. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಶ್ರೀನಾಥ್ ಗಾಯದಿಂದ ಹೊರಗುಳಿದಾಗ ಅವರ ಜಾಗಕ್ಕೆ ಬಂದವರು ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್, 2024ರಲ್ಲಿ ತೀರಿಕೊಂಡ ಆ ಅತಿವೇಗದ ಬೌಲರ್. ಒಂದೇ ತಾಲ್ಲೂಕಿನ ನಂಟಿನ ಇಬ್ಬರು ಭಾರತಕ್ಕೆ ಹೊಸ ಚೆಂಡು ಹಿಡಿದದ್ದು ಸಣ್ಣ ಮಾತಲ್ಲ. ಈ ನೆಲದಲ್ಲಿ ವೇಗಕ್ಕೆ ಬರವಿಲ್ಲ ಎನ್ನಲು ಅಷ್ಟು ಸಾಕು.

ಇನ್ನು ಕೆಲವರು ಕಪಿಲ್ ದೇವ್ ಹೆಸರೆತ್ತುತ್ತಾರೆ. 131 ಟೆಸ್ಟ್ ಆಡಿದ ಕಪಿಲ್ ಗಾಯದ ಕಾರಣಕ್ಕೆ ಒಂದನ್ನೂ ತಪ್ಪಿಸಲಿಲ್ಲ. ಅದು ಸತ್ಯ. ಆದರೆ ಈ ವಾದದಲ್ಲಿ ಒಂದು ಓರೆ ಇದೆ. ಉಳಿದವರ ಹೆಸರು ಮಾತ್ರ ನಮಗೆ ಗೊತ್ತು. ಹದಿನಾರಕ್ಕೇ ಬೆನ್ನು ಹಿಡಿದು ಬ್ಯಾಟಿಂಗಿಗೆ ಹೊರಳಿದವರು, ಆಟವನ್ನೇ ಬಿಟ್ಟು ಅಂಗಡಿಯಲ್ಲಿ ಕೂತವರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಅವರನ್ನು ಎಣಿಸದೆ ಕಪಿಲ್‌ರನ್ನು ಮಾತ್ರ ಎಣಿಸುವುದು ನ್ಯಾಯವಾದ ಎಣಿಕೆಯಲ್ಲ.

ಈಗಿನವರನ್ನೇ ನೋಡಿ. ಜಸ್‌ಪ್ರೀತ್ ಬೂಮ್ರಾ ಬೆನ್ನಿನ ತೊಂದರೆಯಿಂದ 2022ರ ಟಿ20 ವಿಶ್ವಕಪ್ ಕಳೆದುಕೊಂಡು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕರ್ನಾಟಕದ ಪ್ರಸಿದ್ಧ ಕೃಷ್ಣ ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್‌ನಿಂದ ಸುಮಾರು ಒಂದು ವರ್ಷ ಆಟದಿಂದ ಹೊರಗಿದ್ದರು. ಇಬ್ಬರೂ ಮರಳಿದ್ದು ಒಂದೇ ಸರಣಿಯಲ್ಲಿ, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ. 2024–25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ 151.2 ಓವರ್ ಎಸೆದು 32 ವಿಕೆಟ್ ಪಡೆದ ಬೂಮ್ರಾ ಸಿಡ್ನಿಯ ಕೊನೆಯ ಟೆಸ್ಟ್‌ನಲ್ಲಿ ಮತ್ತೆ ಬೆನ್ನು ಹಿಡಿದು ಹೊರನಡೆದರು. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡುವರೆಂದು ಮೊದಲೇ ನಿಗದಿಯಾಯಿತು. ಅದನ್ನು ಟೀಕಿಸಿದವರೂ ಇದ್ದರು. ಅವರಿಗೆ ಫಿಸಿಯೊ ಇದ್ದಾರೆ, ಎಸೆತ ಎಣಿಸುವ ಸಿಬ್ಬಂದಿ ಇದ್ದಾರೆ, ಬೆಂಗಳೂರಿನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಮಂಡಳಿಯ ದೊಡ್ಡ ತರಬೇತಿ ಕೇಂದ್ರವಿದೆ. ಅರಕಲಗೂಡಿನಿಂದ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಬಂದು ಆಯ್ಕೆ ಶಿಬಿರದಲ್ಲಿ ಎಸೆಯುವ ಹುಡುಗನಿಗೆ ಅದಾವುದೂ ಇಲ್ಲ.

ಮಂಡಳಿಯ 16 ವರ್ಷದೊಳಗಿನ ಪಂದ್ಯಾವಳಿಗೆ ಹೋಗುವ ಹುಡುಗನ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ವಯಸ್ಸು ಮುಚ್ಚಿಡುವವರನ್ನು ಹಿಡಿಯಲು ಆ ಪರೀಕ್ಷೆ. ಮೂಳೆ ಇನ್ನೂ ಎಳೆಯದು ಎಂಬುದಕ್ಕೆ ಅಷ್ಟು ಖಚಿತ ಪುರಾವೆ ಕೈಯಲ್ಲಿರುವಾಗ, ಆ ಎಳೆಯ ಮೂಳೆ ಎಷ್ಟು ಎಸೆತ ತಾಳಿದೆ ಎಂಬುದನ್ನೂ ಪಕ್ಕದಲ್ಲೇ ಬರೆದಿಟ್ಟರೆ ಹೆಚ್ಚೇನು ಖರ್ಚಾಗದು.

ಮಿತಿ ಹೇರಿದರೆ ಹುಡುಗ ಕಲಿಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಉತ್ತರಕ್ಕೆ ಅರ್ಹವಾದುದು. ಬೌಲಿಂಗ್ ಬರುವುದು ಬೌಲ್ ಮಾಡಿಯೇ. ಎಸೆಯದೆ ಕುಳ್ಳಿರಿಸಿದರೆ ಮೂಳೆ ಗಟ್ಟಿಯಾಗುವುದೂ ಇಲ್ಲ. ಪರೀಕ್ಷೆಯ ನಂತರದ ಅಪಾಯ ಹುಟ್ಟುವುದೇ ಹಾಗೆ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುವುದು, ದೊಡ್ಡ ಜಿಗಿತ ಕೊಡದಿರುವುದು, ಪರೀಕ್ಷೆಯ ತಿಂಗಳಲ್ಲೂ ವಾರಕ್ಕೆರಡು ಸಂಜೆ ಇಪ್ಪತ್ತಿಪ್ಪತ್ತು ಎಸೆತಕ್ಕೆ ಬಿಡುವುದು ಮಧ್ಯದ ದಾರಿ. ಅಂಕ ಕಡಿಮೆಯಾದೀತೆಂದು ಹೆದರುವ ತಂದೆತಾಯಿಗಳು ಆ ಅರ್ಧ ಗಂಟೆಯನ್ನು ಮೊಬೈಲಿನಿಂದ ಕಳೆದುಕೊಳ್ಳಬಹುದು.

ಎಣಿಸುವುದು ಕಷ್ಟವೇನಲ್ಲ. ಬೇಸ್‌ಬಾಲ್‌ನಲ್ಲಿ ಒಬ್ಬರು ಯಂತ್ರ ಹಿಡಿದು ಒತ್ತುತ್ತಾ ಕೂರಬೇಕು. ನಮಗೆ ಓವರೇ ಎಣಿಕೆಯ ಮಣಿ. ಈಗ ಹಳ್ಳಿಯ ಪಂದ್ಯಾವಳಿಗಳೂ ಕ್ರಿಕ್‌ಹೀರೋಸ್‌ನಂಥ ಆಪ್‌ಗಳಲ್ಲಿ ಸ್ಕೋರು ಬರೆಯುವುದರಿಂದ ಪಂದ್ಯದ ಎಸೆತಗಳು ಅಲ್ಲೇ ಸಿಗುತ್ತವೆ. ನೆಟ್ಸ್, ಬೀದಿ ಆಟ, ವೈಡ್ ನೋಬಾಲ್‌ಗಳನ್ನು ಸೇರಿಸಲು 200 ಪುಟದ ನೋಟ್‌ಬುಕ್ ಸಾಕು. ದಿನಾಂಕ, ಎಸೆತ, ಲೆದರೋ ಟೆನಿಸೋ, ನೋವಿತ್ತೋ ಇಲ್ಲವೋ ಎಂಬ ನಾಲ್ಕು ಕಲಂ. ಬರೆಯಬೇಕಾದವನು ಹುಡುಗನೇ, ಭಾನುವಾರ ರಾತ್ರಿ ಕೂಡಿಸಿ ನೋಡಬೇಕಾದವರು ಮನೆಯವರು. ವೇಗವಾಗಿ ಎಸೆಯುವ ಹುಡುಗಿಯರ ನೋಟ್‌ಬುಕ್ಕೂ ಇದೇ ರೀತಿ ಇರಬೇಕು.

ನಾಲ್ಕನೆಯ ಕಲಂನಲ್ಲಿ 'ಇತ್ತು' ಎಂದು ಬಂದಾಗ ಏನು ಮಾಡಬೇಕು? ಸೊಂಟದ ಕೆಳಭಾಗದಲ್ಲಿ, ಬೌಲಿಂಗ್ ಕೈಗೆ ಎದುರು ಬದಿಯಲ್ಲಿ ನೋವು. ಎಸೆಯುವಾಗ ಚುಚ್ಚಿ, ಕೂತಾಗ ಮಾಯವಾಗುವ ನೋವು. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಮರುಕಳಿಸುವ ನೋವು. ಇವು ಸ್ಟ್ರೆಸ್ ಫ್ರಾಕ್ಚರ್‌ನ ಗುರುತುಗಳು. ಉಳುಕೆಂದು ಎಣ್ಣೆ ಹಚ್ಚಿ ತಿಕ್ಕಿಸುವುದು, ಮಾತ್ರೆ ನುಂಗಿಸಿ ಫೈನಲ್ ಆಡಿಸುವುದು ಎರಡೂ ತಪ್ಪು. ಬೌಲಿಂಗ್ ಅಂದೇ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಬೇಕು. ಆರಂಭದ ಬಿರುಕು ಮಾಮೂಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾದೀತು. ಬೇಗ ಹಿಡಿದರೆ ಬಹುತೇಕ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕೆಲವು ತಿಂಗಳ ವಿಶ್ರಾಂತಿ, ವ್ಯಾಯಾಮ, ನಂತರ ನಿಧಾನವಾಗಿ ಬೌಲಿಂಗ್. ಆಸ್ಪತ್ರೆಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. 'ಎಷ್ಟು ಬೌಲಿಂಗ್ ಮಾಡ್ತೀಯಪ್ಪ' ಎಂದು ವೈದ್ಯರು ಕೇಳಿದಾಗ ಹುಡುಗರು ಸಾಮಾನ್ಯವಾಗಿ ಕೊಡುವ ಉತ್ತರ 'ಜಾಸ್ತಿ ಏನಿಲ್ಲ ಸಾರ್' ಎಂಬುದೇ.